ಕಾಯುವವರ ಕಾಲಕ್ಕೆ ಬೆಲೆಯಿಲ್ಲವೇ?

ನಮ್ಮ ಪಟ್ಟಣಗಳ ಕೆಲವು ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ದಿನಚರಿ ಸೇರಿಕೊಂಡಿದೆ. ಬೆಳಗಿನ ನಮಾಝಿನ ಬಳಿಕ ಒಮ್ಮೆ, ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ಮನೆಯ ಮಗನೋ ಮಗಳೋ ಮೊಬೈಲ್ ತೆರೆದು ನೋಡುತ್ತಾರೆ. ಶಿಷ್ಯವೇತನದ ಪಟ್ಟಿ ಪ್ರಕಟವಾಯಿತೇ? ಪ್ರಕಟವಾಗಿದ್ದರೆ ಹೆಸರಿದೆಯೇ? ಹೆಸರಿದ್ದರೆ ಈ ತಿಂಗಳಾದರೂ ಹಣ ಖಾತೆಗೆ ಬಂತೇ? ತಾಯಿ ಅಡುಗೆ ಕೋಣೆಯಿಂದಲೇ ಮಗಳ ಮುಖ ನೋಡುತ್ತಾಳೆ. ಉತ್ತರವೇನೆಂದು ಅವಳಿಗೆ ತಿಳಿಯುತ್ತದೆ. ಪ್ರಶ್ನೆ ಕೇಳುವುದನ್ನು ಅವಳು ಬಿಟ್ಟು ತಿಂಗಳುಗಳೇ ಆಗಿವೆ.

ಡಾಕ್ಟರೇಟ್ ಅಧ್ಯಯನಕ್ಕೆ ಹೆಸರು ನೋಂದಾಯಿಸಿ, ಸಂಶೋಧನಾ ಶಿಷ್ಯವೇತನಕ್ಕೆ ಅರ್ಜಿ ಹಾಕಿ, ಫಲಿತಾಂಶಕ್ಕಾಗಿ ಕಾಯುತ್ತಿರುವ ಯುವಕ ಯುವತಿಯರ ಬಗ್ಗೆ ಈ ವಾರ ನಾವು ಬರೆಯಲು ಬಯಸುತ್ತೇವೆ. ಇದು ಬೆರಳೆಣಿಕೆಯ ಮಂದಿಯ ಸಮಸ್ಯೆ ಎಂದು ಯಾರಾದರೂ ಹೇಳಬಹುದು. ಹೌದು, ಅವರು ಬೆರಳೆಣಿಕೆಯವರೇ. ಆದರೆ ಅವರು ಬೆರಳೆಣಿಕೆಯಷ್ಟೇ ಯಾಕೆ ಇದ್ದಾರೆ ಎಂಬ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಭಾಗ ಈ ಕಾಯುವಿಕೆಯಲ್ಲಿಯೇ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ಮೊತ್ತಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕಾಗಿದೆ. ಸಂಶೋಧನಾ ಶಿಷ್ಯವೇತನವನ್ನು ನಮ್ಮಲ್ಲಿ ಹಲವರು ಸಹಾಯಧನವೆಂದು ತಿಳಿದಿದ್ದಾರೆ. ಶಾಲಾ ಮಕ್ಕಳಿಗೆ ವರ್ಷಕ್ಕೊಮ್ಮೆ ಸಿಗುವ ವಿದ್ಯಾರ್ಥಿವೇತನದ ಸಾಲಿಗೇ ಇದನ್ನೂ ಸೇರಿಸುತ್ತಾರೆ. ಆದರೆ ವಾಸ್ತವ ಬೇರೆಯೇ ಇದೆ. ಸಂಶೋಧನೆ ಎಂಬುದು ಪೂರ್ಣಾವಧಿಯ ದುಡಿಮೆ. ಪ್ರಯೋಗಾಲಯದಲ್ಲಿ ಹತ್ತು ಗಂಟೆ ನಿಲ್ಲುವವನು, ಹಳ್ಳಿಹಳ್ಳಿ ಸುತ್ತಿ ಮಾಹಿತಿ ಸಂಗ್ರಹಿಸುವವಳು, ಗ್ರಂಥಾಲಯದಲ್ಲಿ ಹಳೆಯ ದಾಖಲೆಗಳ ಧೂಳು ಕುಡಿಯುವವನು, ಇವರೆಲ್ಲರೂ ದುಡಿಯುತ್ತಿದ್ದಾರೆ. ಅನೇಕ ವಿಭಾಗಗಳಲ್ಲಿ ಇವರೇ ತರಗತಿಗಳನ್ನೂ ತೆಗೆದುಕೊಳ್ಳುತ್ತಾರೆ, ಉತ್ತರ ಪತ್ರಿಕೆಗಳ ಕೆಲಸಕ್ಕೂ ನೆರವಾಗುತ್ತಾರೆ. ದೇಶದ ವಿಶ್ವವಿದ್ಯಾಲಯಗಳಿಂದ ಹೊರಬರುವ ಪ್ರಬಂಧಗಳ ಹಿಂದೆ ಇವರ ಬೆವರಿದೆ. ಸರಕಾರವೂ ಇದನ್ನು ಒಪ್ಪಿಕೊಂಡಿರುವುದರಿಂದಲೇ ಕಿರಿಯ ಸಂಶೋಧನಾ ಶಿಷ್ಯವೇತನದ ಮೊತ್ತವನ್ನು 2023ರ ಜನವರಿಯಿಂದ ಅನ್ವಯವಾಗುವಂತೆ ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೂ, ಹಿರಿಯ ಶಿಷ್ಯವೇತನವನ್ನು 35,000ದಿಂದ 42,000ಕ್ಕೂ ಏರಿಸಿತು. ಆದ್ದರಿಂದ ಇದು ದಾನವಲ್ಲ, ದುಡಿಮೆಯ ಪ್ರತಿಫಲ. ದುಡಿದವನ ಕೂಲಿಯನ್ನು ತಡೆಹಿಡಿಯಬಾರದೆಂಬ ಪ್ರವಾದಿ ಬೋಧನೆಯನ್ನು ಕೇಳುತ್ತಾ ಬೆಳೆದ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗಬಾರದು.

ಈ ಪ್ರತಿಫಲವನ್ನು ತಲುಪಲು ವಿದ್ಯಾರ್ಥಿ ಮೂರು ಬಾಗಿಲುಗಳ ಮುಂದೆ ಕಾಯಬೇಕಾಗುತ್ತದೆ. ಮೊದಲನೆಯದು ಅರ್ಹತಾ ಪರೀಕ್ಷೆಯ ಫಲಿತಾಂಶ. ಎರಡನೆಯದು ಆಯ್ಕೆ ಪಟ್ಟಿ. ಮೂರನೆಯದು, ಆಯ್ಕೆಯಾದ ಬಳಿಕ ಪ್ರತಿ ತಿಂಗಳ ಪಾವತಿ. ಮೂರೂ ಬಾಗಿಲುಗಳ ಮೇಲೆ ಯಾರೂ ದಿನಾಂಕ ಬರೆದಿಟ್ಟಿಲ್ಲ.

ಮೊದಲ ಬಾಗಿಲಿನ ಕತೆಯನ್ನು ನೋಡಿ. 2024ರ ಜೂನ್ 18ರಂದು ದೇಶದಾದ್ಯಂತ ಯುಜಿಸಿ ನೆಟ್ ಪರೀಕ್ಷೆ ನಡೆಯಿತು. ಒಂಬತ್ತು ಲಕ್ಷಕ್ಕೂ ಅಧಿಕ ಮಂದಿ ಪರೀಕ್ಷೆ ಬರೆದರು. ಮರುದಿನವೇ ಕೇಂದ್ರ ಶಿಕ್ಷಣ ಸಚಿವಾಲಯ ಪರೀಕ್ಷೆಯನ್ನು ರದ್ದುಪಡಿಸಿತು. ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ ಎಂಬ ಶಂಕೆ ಅದಕ್ಕೆ ಕಾರಣ. ತನಿಖೆ ಸಿಬಿಐಗೆ ಹೋಯಿತು. ಸೋರಿಕೆಯ ಸಾಕ್ಷಿಯೆಂದು ಹರಿದಾಡಿದ್ದ ಚಿತ್ರ ತಿದ್ದಿದ್ದೆಂದು ಆ ಬಳಿಕ ತನಿಖೆಯಲ್ಲಿ ಕಂಡುಬಂತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಮರುಪರೀಕ್ಷೆ ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದ ತನಕ ನಡೆದು, ಫಲಿತಾಂಶ ಅಕ್ಟೋಬರ್ 17ರಂದು ಬಂತು. ಅಂದರೆ ಪರೀಕ್ಷೆ ಬರೆದ ದಿನದಿಂದ ಫಲಿತಾಂಶದ ದಿನಕ್ಕೆ ಸರಿಯಾಗಿ ನಾಲ್ಕು ತಿಂಗಳು. ಶ್ರೀಮಂತ ಮನೆಯ ಹುಡುಗನಿಗೆ ಈ ನಾಲ್ಕು ತಿಂಗಳು ಇನ್ನಷ್ಟು ಓದಲು ಸಿಕ್ಕ ಅವಕಾಶವಾಗಿರಬಹುದು. ದರ್ಜಿಯ ಮಗನಿಗೆ ಅದು ನಾಲ್ಕು ತಿಂಗಳ ಕೋಣೆ ಬಾಡಿಗೆ, ನಾಲ್ಕು ತಿಂಗಳ ಊಟದ ಖರ್ಚು, ಮತ್ತೊಮ್ಮೆ ಪರೀಕ್ಷಾ ಕೇಂದ್ರದ ಊರಿಗೆ ಹೋಗಿಬರುವ ಬಸ್ಸಿನ ದುಡ್ಡು. ಪರೀಕ್ಷೆ ಒಂದೇ; ಅದರ ಬೆಲೆ ಇಬ್ಬರಿಗೆ ಎರಡು ತೆರನಾಗಿತ್ತು.

ಎರಡನೆಯ ಬಾಗಿಲಿಗೆ ಬರೋಣ. ಇಲ್ಲಿ ನಮ್ಮ ಸಮುದಾಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಇತಿಹಾಸವಿದೆ. 2005ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ 2006ರ ನವೆಂಬರ್ 30ರಂದು ಸಂಸತ್ತಿನಲ್ಲಿ ಮಂಡನೆಯಾಯಿತು. 20 ವರ್ಷ ದಾಟಿದ ಭಾರತೀಯರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 7ರಷ್ಟಿದ್ದರೆ ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 4ಕ್ಕಿಂತಲೂ ಕಡಿಮೆ ಎಂದು ಆ ವರದಿ ತೋರಿಸಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯ 25 ಮಂದಿಯಲ್ಲಿ ಒಬ್ಬ ಮುಸ್ಲಿಮನಿದ್ದರೆ, ಸ್ನಾತಕೋತ್ತರ ತರಗತಿಯಲ್ಲಿ 50 ಮಂದಿಗೆ ಒಬ್ಬನಿದ್ದ. ಮೆಟ್ಟಿಲು ಏರಿದಂತೆ ನಮ್ಮವರ ಸಂಖ್ಯೆ ಅರ್ಧಕ್ಕರ್ಧ ಇಳಿಯುತ್ತಿತ್ತು. ಇನ್ನು ಸಂಶೋಧನೆಯ ಮೆಟ್ಟಿಲಲ್ಲಿ ಎಷ್ಟು ಮಂದಿ ಉಳಿಯಬಹುದೆಂಬುದನ್ನು ಓದುಗರೇ ಊಹಿಸಬಹುದು.

ಈ ವರದಿಯ ತರುವಾಯ, 2009ರಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಶಿಷ್ಯವೇತನ ಆರಂಭವಾಯಿತು. ಮುಸ್ಲಿಮರಿಗಷ್ಟೇ ಅಲ್ಲ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಮತ್ತು ಮುಂದೆ ಜೈನ ಸಮುದಾಯದ ಸಂಶೋಧನಾರ್ಥಿಗಳಿಗೂ ಅದು ಐದು ವರ್ಷಗಳ ಆಸರೆಯಾಯಿತು. ಆರಂಭದಲ್ಲಿ ವರ್ಷಕ್ಕೆ 756 ಶಿಷ್ಯವೇತನಗಳಿದ್ದವು. ಅದರಲ್ಲಿ ಶೇ. 30ರಷ್ಟನ್ನು ಹೆಣ್ಣುಮಕ್ಕಳಿಗೆಂದು ಮೀಸಲಿಡಲಾಯಿತು. ಅದರ ಅನುಷ್ಠಾನವನ್ನು ವಹಿಸಿಕೊಂಡದ್ದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಸಚಿವ ಮೌಲಾನಾ ಆಝಾದರೇ 1953ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿದ ಸಂಸ್ಥೆ. ಅವರ ಹೆಸರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೊಂದಿರಲಾರದು.

ಆ ಸ್ಮಾರಕ ಹದಿಮೂರು ವರ್ಷ ಬಾಳಿತು. 2022ರ ಡಿಸೆಂಬರ್ 8ರಂದು ಅಂದಿನ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವೆ ಸ್ಮೃತಿ ಇರಾನಿಯವರು ಲೋಕಸಭೆಯಲ್ಲಿ ಉತ್ತರಿಸುತ್ತಾ, 2022-23ರಿಂದ ಈ ಯೋಜನೆಯನ್ನು ನಿಲ್ಲಿಸಲಾಗಿದೆ ಎಂದರು. ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಇತರ ಯೋಜನೆಗಳ ವ್ಯಾಪ್ತಿಯಲ್ಲಿಯೂ ಬರುತ್ತಾರೆ, ಆದ್ದರಿಂದ ಇದು ಪುನರಾವರ್ತನೆ ಎಂಬುದು ನೀಡಲಾದ ಕಾರಣ. 2014-15ರಿಂದ 2021-22ರ ವರೆಗೆ 6,722 ಮಂದಿಯನ್ನು ಆಯ್ಕೆ ಮಾಡಿ 738.85 ಕೋಟಿ ರೂಪಾಯಿ ವಿತರಿಸಲಾಗಿದೆ ಎಂಬ ಲೆಕ್ಕವನ್ನೂ ಅದೇ ಉತ್ತರದಲ್ಲಿ ಕೊಡಲಾಯಿತು.

ಈ ಕಾರಣವನ್ನು ನಾವು ಶಾಂತಚಿತ್ತರಾಗಿಯೇ ಪರಿಶೀಲಿಸೋಣ. ಒಬ್ಬ ಸಂಶೋಧನಾರ್ಥಿ ಏಕಕಾಲದಲ್ಲಿ ಎರಡು ಶಿಷ್ಯವೇತನ ಪಡೆಯಲು ನಿಯಮ ಅವಕಾಶ ಕೊಟ್ಟಿರಲಿಲ್ಲ. ಒಬ್ಬನೇ ವಿದ್ಯಾರ್ಥಿ ಎರಡು ಕಡೆ ಹಣ ಪಡೆಯುತ್ತಿದ್ದರೆ ಅದು ಪುನರಾವರ್ತನೆ. ಒಬ್ಬನು ಒಂದು ಯೋಜನೆಯಲ್ಲಿ, ಮತ್ತೊಬ್ಬನು ಇನ್ನೊಂದು ಯೋಜನೆಯಲ್ಲಿ ಪಡೆದರೆ ಅದು ಪುನರಾವರ್ತನೆ ಹೇಗಾಗುತ್ತದೆ? ಎರಡು ಬಾಗಿಲುಗಳಿದ್ದಲ್ಲಿ ಒಂದನ್ನು ಮುಚ್ಚಿ, ಒಳಗೆ ಬರಲು ಇನ್ನೊಂದಿದೆಯಲ್ಲ ಎಂದರೆ, ಆ ಇನ್ನೊಂದರ ಮುಂದಿನ ಸಾಲು ಉದ್ದವಾಗುವುದಿಲ್ಲವೇ? ಎಂಟು ವರ್ಷಗಳ 738 ಕೋಟಿ ಎಂದರೆ ವರ್ಷಕ್ಕೆ ಸರಾಸರಿ 92 ಕೋಟಿ. ಯೋಜನೆ ನಿಂತ ಆ ವರ್ಷ ಕೇಂದ್ರ ಬಜೆಟ್‌ನ ಗಾತ್ರ 39 ಲಕ್ಷ ಕೋಟಿ ರೂಪಾಯಿಯನ್ನು ದಾಟಿತ್ತು. ಇಷ್ಟು ದೊಡ್ಡ ಕಣಜದಲ್ಲಿ ಈ ಒಂದು ಹಿಡಿ ಕಾಳು ಭಾರವಾಯಿತೆಂದು ನಂಬುವುದು ಕಷ್ಟ.

ಇದೊಂದೇ ಆಗಿದ್ದರೆ ಬೇರೆ ಮಾತು. ಅದೇ ಅವಧಿಯಲ್ಲಿ ಒಂದರಿಂದ ಎಂಟನೇ ತರಗತಿಯ ವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ನಿಂತಿತು. ವಿದೇಶದಲ್ಲಿ ಓದುವವರ ಸಾಲದ ಬಡ್ಡಿಗೆ ನೆರವಾಗುತ್ತಿದ್ದ 'ಪಢೋ ಪರದೇಶ್' ನಿಂತಿತು. 1989ರಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ಶಿಕ್ಷಣ ಪ್ರತಿಷ್ಠಾನವನ್ನು ಮುಚ್ಚುವಂತೆ 2024ರ ಫೆಬ್ರವರಿಯಲ್ಲಿ ಆದೇಶವಾಯಿತು. ಬುಡದ ಮೆಟ್ಟಿಲು, ನಡುವಿನ ಮೆಟ್ಟಿಲು, ತುದಿಯ ಮೆಟ್ಟಿಲು, ಎಲ್ಲವನ್ನೂ ಕಿತ್ತ ಬಳಿಕ ಏಣಿಯ ಎರಡು ಕಂಬಗಳನ್ನು ಹಿಡಿದು ಹತ್ತು ಎಂದರೆ ಯಾರು ಹತ್ತಬೇಕು?

ಇನ್ನು ಮೂರನೆಯ ಬಾಗಿಲು. ಯೋಜನೆ ನಿಂತರೂ ಆಗಲೇ ಆಯ್ಕೆಯಾದವರಿಗೆ ಅವರ ಅವಧಿ ಮುಗಿಯುವ ತನಕ ಹಣ ಕೊಡುವುದಾಗಿ ಸರಕಾರ ಭರವಸೆ ನೀಡಿತು. ಈ ನಡುವೆ ಪಾವತಿಯ ಹೊಣೆಯನ್ನು ಅನುದಾನ ಆಯೋಗದಿಂದ ರಾಷ್ಟ್ರೀಯ ಅಲ್ಪಸಂಖ್ಯಾತ ಅಭಿವೃದ್ಧಿ ಮತ್ತು ಹಣಕಾಸು ನಿಗಮಕ್ಕೆ ವರ್ಗಾಯಿಸಲಾಯಿತು. 2025ರಲ್ಲಿ ದೇಶದ ನಾನಾ ವಿಶ್ವವಿದ್ಯಾಲಯಗಳ ಸಂಶೋಧನಾರ್ಥಿಗಳು ತಿಂಗಳುಗಟ್ಟಲೆ ಹಣ ಬಂದಿಲ್ಲವೆಂದು ದೂರಿಕೊಂಡರು. ವಿಷಯ ಸಂಸತ್ತಿನ ವರೆಗೂ ಹೋಯಿತು. ಒಬ್ಬ ವಿದ್ಯಾರ್ಥಿಯ ಹಣ ಬರಬೇಕಾದರೆ ಅವನು ಹಾಜರಾತಿ ಪತ್ರ ಸಲ್ಲಿಸಬೇಕು, ಮಾರ್ಗದರ್ಶಕರು ಸಹಿ ಹಾಕಬೇಕು, ವಿಶ್ವವಿದ್ಯಾಲಯದ ಒಬ್ಬ ಸಿಬ್ಬಂದಿ ಅದನ್ನು ಗಣಕಯಂತ್ರಕ್ಕೆ ದಾಖಲಿಸಬೇಕು, ಇನ್ನೊಬ್ಬರು ದೃಢೀಕರಿಸಬೇಕು, ಆ ಬಳಿಕ ದಿಲ್ಲಿಯಲ್ಲಿ ಅನುದಾನ ಬಿಡುಗಡೆಯಾಗಬೇಕು. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಅದರ ಫಲ ಉಣ್ಣುವವನು ಒಬ್ಬನೇ. ವಿಚಾರಿಸಲು ಹೋದರೆ ಇಲ್ಲಿಯವರು ಅಲ್ಲಿ ಕೇಳಿ ಎನ್ನುತ್ತಾರೆ, ಅಲ್ಲಿಯವರು ಇಲ್ಲಿ ಕೇಳಿ ಎನ್ನುತ್ತಾರೆ. ಸರಪಳಿಯ ಉಳಿದೆಲ್ಲರಿಗೂ ತಿಂಗಳ ಕೊನೆಗೆ ಸಂಬಳ ಸರಿಯಾಗಿಯೇ ಬರುತ್ತಿರುತ್ತದೆ.

ಇಲ್ಲಿ ಇನ್ನೊಂದು ಅನ್ಯಾಯವನ್ನು ಗಮನಿಸಬೇಕು. ಶಿಷ್ಯವೇತನದ ಗಡಿಯಾರ ನಿಂತರೂ ವಿಶ್ವವಿದ್ಯಾಲಯದ ಗಡಿಯಾರ ನಿಲ್ಲುವುದಿಲ್ಲ. 2022ರ ನವೆಂಬರ್‌ನಲ್ಲಿ ಹೊರಬಂದ ಪಿಎಚ್‌ಡಿ ನಿಯಮಾವಳಿಯಂತೆ ಸಂಶೋಧನೆಗೆ ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತೆರಡು ವರ್ಷಗಳ ಸಡಿಲಿಕೆಯಿದೆ. ಆದರೆ ಹಣವಿಲ್ಲದೆ ಕ್ಷೇತ್ರಕಾರ್ಯ ನಿಂತ ಎಂಟು ತಿಂಗಳನ್ನು ಈ ಲೆಕ್ಕದಿಂದ ಕಳೆಯುವವರು ಯಾರು? ಪ್ರಬಂಧ ಸಲ್ಲಿಸುವುದು ಒಂದು ವಾರ ತಡವಾದರೆ ವಿದ್ಯಾರ್ಥಿಯಿಂದ ದಂಡ ವಸೂಲು ಮಾಡುವ ವ್ಯವಸ್ಥೆ, ತಾನೇ ಎಂಟು ತಿಂಗಳು ತಡಮಾಡಿದಾಗ ಒಂದು ಸಾಲಿನ ವಿವರಣೆಯನ್ನೂ ಕೊಡುವುದಿಲ್ಲ. ತಡವೆಂಬ ತಪ್ಪಿಗೆ ಶಿಕ್ಷೆ ಯಾವಾಗಲೂ ಕೆಳಗಿನವನಿಗೇ ಎಂದಾದರೆ ಅದನ್ನು ನಿಯಮವೆನ್ನಲು ಸಾಧ್ಯವೇ?

ಇದು ಮುಸ್ಲಿಮರ ಗೋಳು ಮಾತ್ರ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸತ್ಯಕ್ಕೆ ಬಗೆಯುವ ಅಪಚಾರವಾದೀತು. 2015ರ ಅಕ್ಟೋಬರ್‌ನಲ್ಲಿ, ನೆಟ್ ಅರ್ಹತೆಯಿಲ್ಲದೆಯೂ ಕೇಂದ್ರೀಯ ವಿಶ್ವವಿದ್ಯಾಲಯಗಳ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ತಿಂಗಳ 8,000 ರೂಪಾಯಿಯನ್ನು ನಿಲ್ಲಿಸಲು ಆಯೋಗ ತೀರ್ಮಾನಿಸಿದಾಗ, ಎಲ್ಲ ಜಾತಿ ಮತಗಳ ವಿದ್ಯಾರ್ಥಿಗಳು ದಿಲ್ಲಿಯ ಅದರ ಕಚೇರಿಯ ಮುಂದೆ ಚಳಿಯಲ್ಲಿ ಮಲಗಿದರು. ಆ ಮೊತ್ತ ಉಳಿದುಕೊಂಡದ್ದು ಅವರ ಹೋರಾಟದಿಂದ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ದಲಿತ ಸಂಶೋಧನಾರ್ಥಿ ರೋಹಿತ್ ವೇಮುಲಾ ಪ್ರಾಣ ಕಳೆದುಕೊಂಡ. ಆ ಪ್ರಕರಣದ ಹಿಂದಿನ ಕಾರಣಗಳು ಹಲವು. ಆದರೆ ಅವನು ಬಿಟ್ಟುಹೋದ ಪತ್ರದಲ್ಲಿ ಒಂದು ಲೆಕ್ಕವೂ ಇತ್ತು. ತನಗೆ ಏಳು ತಿಂಗಳ ಶಿಷ್ಯವೇತನ, ಒಂದು ಲಕ್ಷದ ಎಪ್ಪತ್ತೈದು ಸಾವಿರ ರೂಪಾಯಿ ಬರಬೇಕಿದೆ, ಅದನ್ನು ಮನೆಯವರಿಗೆ ತಲುಪಿಸಿ ಎಂಬುದು ಆ ಲೆಕ್ಕ. ನಕ್ಷತ್ರಗಳ ಬಗ್ಗೆ, ವಿಜ್ಞಾನದ ಬಗ್ಗೆ ಕನಸು ಕಂಡ ಯುವಕನೊಬ್ಬ ತನ್ನ ಕೊನೆಯ ಘಳಿಗೆಯಲ್ಲಿಯೂ ಬಾಕಿ ಹಣದ ಲೆಕ್ಕ ಬರೆಯಬೇಕಾದದ್ದು ಈ ದೇಶದ ಶಿಕ್ಷಣ ವ್ಯವಸ್ಥೆ ಎಂದೆಂದೂ ತಲೆತಗ್ಗಿಸಬೇಕಾದ ಸಂಗತಿ. ಅಂದಿನಿಂದ ನಾವೇನಾದರೂ ಕಲಿತೆವೇ? 2025ರ ಜುಲೈಯಲ್ಲಿ, ಪರಿಶಿಷ್ಟ ಜಾತಿ ಮತ್ತಿತರ ದುರ್ಬಲ ವರ್ಗಗಳ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕಾಗಿ ಇರುವ ರಾಷ್ಟ್ರೀಯ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ 106 ಮಂದಿಯಲ್ಲಿ 40 ಮಂದಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ಸಿಕ್ಕಿತು. ಉಳಿದವರಿಗೆ ಹಣ ಲಭ್ಯವಾದರೆ ಕೊಡಲಾಗುವುದು ಎಂಬ ಉತ್ತರ ಬಂತು. ಹೆಸರು ಪಟ್ಟಿಯಲ್ಲಿದೆ, ವಿದೇಶಿ ವಿಶ್ವವಿದ್ಯಾಲಯದ ಪ್ರವೇಶಪತ್ರ ಕೈಯಲ್ಲಿದೆ, ತರಗತಿ ಆರಂಭವಾಗುವ ದಿನ ಹತ್ತಿರ ಬರುತ್ತಿದೆ. ಮುಂದೇನೆಂಬುದು ಮಾತ್ರ ಗೊತ್ತಿಲ್ಲ.

ನಮ್ಮ ರಾಜ್ಯವೂ ಇದಕ್ಕೆ ಹೊರತಾಗಿಲ್ಲ. ಅಲ್ಪಸಂಖ್ಯಾತರ ಸಂಶೋಧನಾರ್ಥಿಗಳಿಗಾಗಿ ಕರ್ನಾಟಕ ಸರಕಾರ ನೀಡುತ್ತಿದ್ದ ಶಿಷ್ಯವೇತನದ ಮೊತ್ತವನ್ನು 2022ರಲ್ಲಿ ಅಂದಿನ ಸರಕಾರ ನಡುದಾರಿಯಲ್ಲಿ ಕಡಿತಗೊಳಿಸಿತು. ಒಂದು ಮೊತ್ತವನ್ನು ನಂಬಿ ಸಂಶೋಧನೆಗೆ ಇಳಿದವರು ಪುಸ್ತಕ ಬದಿಗಿಟ್ಟು ಬೀದಿಗಿಳಿಯಬೇಕಾಯಿತು. ಸರಕಾರಗಳು ಬದಲಾಗುತ್ತವೆ, ಬಜೆಟ್‌ಗಳೂ ಬದಲಾಗುತ್ತವೆ. ಆದರೆ ಒಬ್ಬ ವಿದ್ಯಾರ್ಥಿಯ ಐದು ವರ್ಷಗಳ ಸಂಶೋಧನೆ ಯಾವ ಚುನಾವಣೆಯ ಫಲಿತಾಂಶಕ್ಕೂ ಒತ್ತೆಯಾಗಬಾರದು.

ಸಂಗ್ರಹಿಸಿ ಹೇಳುವುದಾದರೆ, ಇಂದು ಶಿಷ್ಯವೇತನಕ್ಕೆ ಎರಡು ಪರೀಕ್ಷೆಗಳಿವೆ. ಒಂದು ಪ್ರತಿಭೆಯ ಪರೀಕ್ಷೆ. ಅದರಲ್ಲಿ ನಮ್ಮ ಮಕ್ಕಳು ಗೆಲ್ಲುತ್ತಿದ್ದಾರೆ. ಇನ್ನೊಂದು ಕಾಯುವ ಶಕ್ತಿಯ ಪರೀಕ್ಷೆ. ಇದನ್ನು ಯಾವ ಪ್ರಕಟಣೆಯಲ್ಲಿಯೂ ಹೇಳಿರುವುದಿಲ್ಲ. ಇದರಲ್ಲಿ ಗೆಲ್ಲುವವರು ಹಣವಿದ್ದವರು ಮಾತ್ರ. ಬಡವನಿಗಾಗಿ ಮಾಡಿದ ಯೋಜನೆ ತಡವಾದ ಕ್ಷಣದಿಂದಲೇ ಬಡವನನ್ನು ಹೊರಗಿಡತೊಡಗುತ್ತದೆ. ಯಾರೂ ಅವನನ್ನು ತಿರಸ್ಕರಿಸಬೇಕಾಗಿಲ್ಲ. ಉತ್ತರ ಕೊಡದೆ ಕಾಯಿಸಿದರೆ ಸಾಕು, ಅವನೇ ಎದ್ದು ಹೋಗುತ್ತಾನೆ. ಗಲ್ಫ್‌ನ ವಿಮಾನ ಹತ್ತುತ್ತಾನೆ, ಇಲ್ಲವೇ ಮಾವನ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾನೆ. ದಾಖಲೆಯಲ್ಲಿ ಮಾತ್ರ 'ವಿದ್ಯಾರ್ಥಿ ಸಂಶೋಧನೆ ತ್ಯಜಿಸಿದ್ದಾನೆ' ಎಂದು ಬರೆಯಲಾಗುತ್ತದೆ.

ಹೆಣ್ಣುಮಕ್ಕಳ ಪಾಲಿಗೆ ಈ ಪರೀಕ್ಷೆ ಇನ್ನೂ ಕಠಿಣ. ಶಿಷ್ಯವೇತನ ಬರುವ ಮಗಳು ಮನೆಯಲ್ಲಿ ತಲೆಯೆತ್ತಿ ನಿಲ್ಲುತ್ತಾಳೆ. ಖರ್ಚಿಗೆ ತಂದೆಯ ಮುಂದೆ ಕೈಚಾಚಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅವಳ ಓದು ಇನ್ನೊಂದು ವರ್ಷ ಮುಂದುವರಿಯುತ್ತದೆ. ಅದೇ ಹಣ ಆರು ತಿಂಗಳು ನಿಂತರೆ ಮನೆಗೆ ಬಂದ ನೆಂಟರ ಮಾತಿಗೆ ಬಲ ಬರುತ್ತದೆ. ಇನ್ನೂ ಓದುತ್ತಿದ್ದಾಳೆಯೇ, ಎಷ್ಟು ವರ್ಷ ಓದಿಸುತ್ತೀರಿ, ಒಳ್ಳೆಯ ಸಂಬಂಧ ಬಂದಿದೆ, ಕೈತಪ್ಪಿದರೆ ಮತ್ತೆ ಸಿಗುವುದೇ? ತಂದೆ ಒಳ್ಳೆಯವನೇ, ಮಗಳ ಓದಿನ ಬಗ್ಗೆ ಹೆಮ್ಮೆಯೂ ಇದೆ. ಆದರೆ ಅವನ ಬಳಿ ಉತ್ತರವಿಲ್ಲ. ಹೀಗೆ ದಿಲ್ಲಿಯ ಕಡತವೊಂದರ ವಿಳಂಬ ನಮ್ಮೂರಿನ ಹುಡುಗಿಯೊಬ್ಬಳ ನಿಕಾಹಿನ ದಿನಾಂಕವನ್ನು ನಿರ್ಧರಿಸುತ್ತದೆ. ವಿವಾಹ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಅವಳ ಮತ್ತು ಮನೆಯವರ ಸಂತೋಷದ ತೀರ್ಮಾನವಾಗಬೇಕೇ ಹೊರತು ಹಾಸ್ಟೆಲ್ ಶುಲ್ಕ ಕಟ್ಟಲಾಗದ ಅಸಹಾಯಕತೆಯಾಗಬಾರದು ಎಂಬುದಷ್ಟೇ ನಮ್ಮ ಮಾತು.

ಸರಕಾರವನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸಮುದಾಯ ತನ್ನ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕಾಗಿದೆ. ಯಾರಿಗಾದರೂ ಡಾಕ್ಟರೇಟ್ ಬಂದರೆ ನಮ್ಮ ಜಮಾಅತ್‌ಗಳು, ಸಂಘಟನೆಗಳು ಸಂಭ್ರಮದಿಂದ ಸನ್ಮಾನಿಸುತ್ತವೆ. ಶಾಲು, ಹಾರ, ಫಲಕ, ಭಾಷಣ, ಛಾಯಾಚಿತ್ರ ಎಲ್ಲವೂ ಇರುತ್ತದೆ. ನಮ್ಮ ಪತ್ರಿಕೆಗಳು ಅದನ್ನು ಪ್ರಕಟಿಸುತ್ತವೆ. ಒಳ್ಳೆಯದೇ. ಆದರೆ ಆ ಐದಾರು ವರ್ಷಗಳಲ್ಲಿ ಒಂದು ದಿನವಾದರೂ ನಮ್ಮಲ್ಲಿ ಯಾರಾದರೂ ಅವನ ಬಳಿ, ಊಟದ ಬಿಲ್ಲು ಕಟ್ಟಿದ್ದೀಯಾ ಎಂದು ಕೇಳಿದ್ದೆವೇ? ಗೆದ್ದವನ ಹೆಗಲಿಗೆ ಶಾಲು ಹೊದಿಸುವ ನಾವು ಗೆಲ್ಲುವ ಮೊದಲು ಅವನು ಚಳಿಯಲ್ಲಿ ನಡುಗುತ್ತಿದ್ದಾಗ ಎಲ್ಲಿದ್ದೆವು?

ಕಲಿಯುವವನನ್ನು ಪೋಷಿಸುವುದು ನಮಗೆ ಹೊಸ ಪಾಠವಲ್ಲ. ನಮ್ಮದೇ ನಾಡಿನ ಬೀದರಿಗೆ ಹೋಗಿ ನೋಡಿ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಮೂರು ಅಂತಸ್ತಿನ ಕಟ್ಟಡ, ನೀಲಿ ಹೆಂಚುಗಳ ಅಲಂಕಾರದ ಅವಶೇಷಗಳೊಂದಿಗೆ ಇಂದಿಗೂ ಅಲ್ಲಿ ನಿಂತಿದೆ. ಉಪನ್ಯಾಸದ ಕೋಣೆಗಳು, ಮಸೀದಿ, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳಲಾಗುವ ಗ್ರಂಥಾಲಯ ಅಲ್ಲಿದ್ದವು. ಇವುಗಳ ಜೊತೆಗೇ ವಿದ್ಯಾರ್ಥಿಗಳಿಗೂ ಗುರುಗಳಿಗೂ ಉಳಿಯುವ ಕೋಣೆಗಳಿದ್ದವು. ಊಟ ವಸತಿ ಉಚಿತವಾಗಿತ್ತು. ಅನ್ನದ ಚಿಂತೆ ಇರುವವನ ತಲೆಯಲ್ಲಿ ವಿದ್ಯೆ ನಿಲ್ಲದೆಂದು ಐದೂವರೆ ಶತಮಾನಗಳ ಹಿಂದೆ ಆ ಮಂತ್ರಿಗೆ ತಿಳಿದಿತ್ತು. 11ನೇ ಶತಮಾನದ ಬಗ್ದಾದಿನಲ್ಲಿ ನಿಝಾಮುಲ್ ಮುಲ್ಕ್ ಸ್ಥಾಪಿಸಿದ ನಿಝಾಮಿಯಾ ಮದ್ರಸದಲ್ಲಿಯೂ ವಕ್ಫ್ ಆದಾಯದಿಂದ ವಿದ್ಯಾರ್ಥಿಗಳ ಜೀವನ ನಡೆಯುತ್ತಿತ್ತು. ಇಮಾಮ್ ಗಝ್ಝಾಲಿಯವರು ಬೋಧಿಸಿದ್ದು ಅಲ್ಲಿಯೇ. ಪೂರ್ವಜರ ಈ ಹಿರಿಮೆಯನ್ನು ವೇದಿಕೆಗಳಲ್ಲಿ ಹೇಳಿಕೊಳ್ಳುವ ನಮಗೆ ಅದನ್ನು ಮುಂದುವರಿಸುವ ಹೊಣೆಯೂ ಇದೆಯಲ್ಲವೇ?

ಹಾಗಾದರೆ ಮಾಡಬೇಕಾದುದೇನು? ಸಂಶೋಧನಾರ್ಥಿಗೆ ಬೇಕಾಗಿರುವುದು ಬಹುತೇಕ ಸಂದರ್ಭಗಳಲ್ಲಿ ದಾನವಲ್ಲ, ಸೇತುವೆ. ತಡವಾದ ಶಿಷ್ಯವೇತನ ಬಂದಾಗ ಸಾಮಾನ್ಯವಾಗಿ ಬಾಕಿಯೆಲ್ಲವೂ ಒಟ್ಟಿಗೆ ಬರುತ್ತದೆ. ಅಲ್ಲಿಯ ತನಕ ದಾಟಿಸುವ ಒಂದು ಬಡ್ಡಿರಹಿತ ಸಾಲದ ನಿಧಿ ಜಿಲ್ಲೆಗೊಂದು ಇದ್ದರೆ ಸಾಕು. ಇಪ್ಪತ್ತು ಮಂದಿಗೆ ತಿಂಗಳಿಗೆ ಹತ್ತು ಸಾವಿರದಂತೆ ಆರು ತಿಂಗಳು ಕೊಟ್ಟರೆ ಹನ್ನೆರಡು ಲಕ್ಷ ರೂಪಾಯಿ. ನಮ್ಮ ನಗರಗಳ ಒಂದು ಆಡಂಬರದ ಮದುವೆಗೆ ಸುರಿಯುವ ಹಣಕ್ಕಿಂತ ಇದು ಹೆಚ್ಚೇನಲ್ಲ. ಮದುವೆಯ ಹಣ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಈ ಹಣವಾದರೋ ಮರಳಿ ಬಂದು ಮತ್ತೊಬ್ಬನ ಕೈಹಿಡಿಯುತ್ತದೆ. ಝಕಾತ್‌ನ ಹಣವನ್ನು ಯಾರಿಗೆ, ಹೇಗೆ ಕೊಡಬೇಕೆಂಬುದಕ್ಕೆ ನಿಯಮಗಳಿವೆ. ಅದನ್ನು ಉಲಮಾಗಳು ತಿಳಿಸಲಿ. ಆದರೆ ಇಂತಹ ಸಾಲಕ್ಕೆ ಉಳ್ಳವರ ಮನಸ್ಸೊಂದರ ಹೊರತು ಬೇರೆ ಅಡ್ಡಿಯಿಲ್ಲ.

ಸರಕಾರದ ಮುಂದಿಡಬೇಕಾದ ಬೇಡಿಕೆಗಳೂ ಸರಳವಾಗಿವೆ. ಅರ್ಜಿ ಕರೆಯುವ ದಿನವೇ ಫಲಿತಾಂಶದ ದಿನಾಂಕವನ್ನೂ ಪ್ರಕಟಿಸಬೇಕು. ಆಯ್ಕೆಯಾದವರ ಐದು ವರ್ಷಗಳ ಮೊತ್ತವನ್ನು ಮೊದಲೇ ಕಾದಿರಿಸಬೇಕು; ಹಣವಿಲ್ಲದೆ ಪಟ್ಟಿ ಪ್ರಕಟಿಸಬಾರದು. ಪಾವತಿ ನಿಂತ ಅವಧಿಯನ್ನು ಪ್ರಬಂಧ ಸಲ್ಲಿಕೆಯ ಅವಧಿಗೆ ಸೇರಿಸಿ ಕೊಡಬೇಕು. ಯಾವ ಯೋಜನೆಯನ್ನೂ ಪರ್ಯಾಯ ತೋರಿಸದೆ ನಿಲ್ಲಿಸಬಾರದು. ಮೌಲಾನಾ ಆಝಾದ್ ಶಿಷ್ಯವೇತನವನ್ನು ಮರಳಿ ಆರಂಭಿಸಬೇಕೆಂಬ ಬೇಡಿಕೆ ಬರಿಯ ಮುಸ್ಲಿಮರದ್ದಾಗಿ ಉಳಿಯದೆ, ಆರೂ ಅಲ್ಪಸಂಖ್ಯಾತ ಸಮುದಾಯಗಳ ಜಂಟಿ ಬೇಡಿಕೆಯಾಗಬೇಕು. ದಲಿತ, ಹಿಂದುಳಿದ ವರ್ಗಗಳ ಸಂಶೋಧನಾರ್ಥಿಗಳ ಬಾಕಿಗಾಗಿಯೂ ನಾವು ದನಿಯೆತ್ತಬೇಕು. ಒಂದೇ ಸಾಲಿನಲ್ಲಿ ಕಾಯುವವರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಿಂತರೆ ಸಾಲು ಮುಂದೆ ಸಾಗದು.

ಕೊನೆಯದಾಗಿ, ಕಾಯುತ್ತಿರುವ ನಮ್ಮ ತಮ್ಮಂದಿರಿಗೂ ತಂಗಿಯರಿಗೂ ಎರಡು ಮಾತು. ಒಂದೇ ಯೋಜನೆಯನ್ನು ನೆಚ್ಚಿ ಕೂರಬೇಡಿ. ಎಲ್ಲರಿಗೂ ತೆರೆದಿರುವ ನೆಟ್, ಸಿಎಸ್‌ಐಆರ್ ಪರೀಕ್ಷೆಗಳನ್ನು ಪಟ್ಟುಬಿಡದೆ ಬರೆಯಿರಿ. ಸಮಾಜ ವಿಜ್ಞಾನದವರಾದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಶಿಷ್ಯವೇತನಗಳಿಗೂ ಅರ್ಜಿ ಹಾಕಿರಿ. ಸಲ್ಲಿಸಿದ ಪ್ರತಿ ಕಾಗದದ ನಕಲನ್ನು ಜೋಪಾನವಾಗಿಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ನಿಮ್ಮ ಕೈಯಲ್ಲಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಂದ್ರದ ಕಚೇರಿಗೆ ಅರ್ಜಿ ಸಲ್ಲಿಸಿದರೆ ಮೂವತ್ತು ದಿನಗಳೊಳಗೆ ಉತ್ತರಿಸಬೇಕಾದುದು ಅವರ ಕರ್ತವ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಸಂಕಟವನ್ನು ಒಬ್ಬರೇ ಹೊತ್ತುಕೊಂಡಿರಬೇಡಿ. ಮನೆಯವರಲ್ಲಿ, ಗೆಳೆಯರಲ್ಲಿ, ಮಾರ್ಗದರ್ಶಕರಲ್ಲಿ ಹೇಳಿಕೊಳ್ಳಿ. ಹಣ ಬಾರದಿರುವುದು ನಿಮ್ಮ ಸೋಲಲ್ಲ, ನಾಚಿಕೆ ಪಡಬೇಕಾದವರು ನೀವಲ್ಲ.

ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿಯಿದೆ. ರಾತ್ರಿ ಮಗಳು ಮೊಬೈಲ್ ನೋಡಿ ಮೌನವಾಗಿ ಕೆಳಗಿಟ್ಟಾಗ, ಇನ್ನೂ ಬಂದಿಲ್ಲವೇ ಎಂದು ಕೇಳಬೇಡಿ. ಇವತ್ತು ಏನು ಬರೆದೆ ಎಂದು ಕೇಳಿ. ಅವಳ ಕೆಲಸ ನಡೆಯುತ್ತಿದೆ, ಆ ಕೆಲಸಕ್ಕೆ ಬೆಲೆಯಿದೆ ಎಂದು ತಿಳಿದವರು ಮನೆಯಲ್ಲಿ ಒಬ್ಬರಾದರೂ ಇದ್ದಾರೆಂಬುದು ಅವಳಿಗೆ ಗೊತ್ತಾಗಲಿ. ಸರಕಾರ ಕೊಡಬೇಕಾದುದನ್ನು ಕೇಳಿ ಪಡೆಯೋಣ. ಅದು ಬರುವ ತನಕ ಮನೆ ಮತ್ತು ಸಮುದಾಯ ಕೊಡಬಹುದಾದುದನ್ನು ತಡಮಾಡದೆ ಕೊಡೋಣ.